ಡಾಕ್ಟರ್ ಆಗುವ ಮೊದಲು ಆಸ್ಪತ್ರೆ ನೋಡಲು ಬಿಡಿ

ಮಾನ್ಯ ಸಂಪಾದಕರೇ,

ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಅಪ್ಪ ಭತ್ತ ಬೆಳೆಯುತ್ತಾರೆ. ಪಿಯುಸಿ ಮುಗಿಸಿ ಈಗ ಎರಡನೇ ಸಲ ನೀಟ್‌ಗೆ, ಅಂದರೆ ಮೆಡಿಕಲ್ ಪ್ರವೇಶ ಪರೀಕ್ಷೆಗೆ, ಓದುತ್ತಿದ್ದೇನೆ. ಡಾಕ್ಟರ್ ಆಗಬೇಕು ಅನ್ನುವವರಿಗೆ ಆ ಕೆಲಸ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡುವ ಆಸೆ ಇರುತ್ತದೆ ಅಲ್ವಾ? ನಮ್ಮ ಕಡೆ ಅದಕ್ಕೆ ದಾರಿಯೇ ಇಲ್ಲ.

ರಜೆಯಲ್ಲಿ ಒಂದು ಆಸ್ಪತ್ರೆಗೆ ಹೋಗಿ, ಒಪಿಡಿಯಲ್ಲಿ (ಹೊರರೋಗಿಗಳನ್ನು ನೋಡುವ ಕಡೆ) ನಿಂತು ನೋಡುತ್ತೇನೆ, ಚೀಟಿ ಬರೆಯುವ ಕೆಲಸ ಕೊಟ್ಟರೂ ಮಾಡುತ್ತೇನೆ ಎಂದು ಕೇಳಿದೆ. ‘ಕಾಲೇಜಿನ ಲೆಟರ್ ತಂದೀಯೇನಮ್ಮಾ?’ ಅಂದರು. ಕಾಲೇಜಿಗೆ ಹೋದರೆ, ‘ಇದು ಸಿಲಬಸ್‌ನಲ್ಲೇ ಇಲ್ಲ, ಲೆಟರ್ ಹೇಗೆ ಕೊಡೋದು?’ ಅಂದರು. ಒಂದು ನರ್ಸಿಂಗ್ ಹೋಮ್‌ನಲ್ಲಿ, ನರ್ಸಿಂಗ್ ಓದುವವರಿಗೇ ಜಾಗ ಸಾಲುತ್ತಿಲ್ಲ ಎಂದರು. ಕೋಚಿಂಗ್ ಸರ್, ‘ಮೊದಲು ಮಾರ್ಕ್ಸ್ ತೆಗಿ’ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಆದರೆ ಹೂಂ ಅನ್ನುವ ಅಧಿಕಾರ ಯಾರ ಹತ್ತಿರವೂ ಇರಲಿಲ್ಲ.

ಅವರ ಭಯ ನನಗೆ ಅರ್ಥವಾಗುತ್ತದೆ. ಹೆರಿಗೆ ವಾರ್ಡಿನಲ್ಲಿ ಮಲಗಿರುವ ಹೆಂಗಸಿನ ಮುಂದೆ ಗುರುತಿಲ್ಲದ ಹುಡುಗಿ ಬಂದು ನಿಂತರೆ ಅವಳಿಗೆ ಹೇಗಾಗಬೇಡ? ನನಗೆ ಸೂಜಿ ಚುಚ್ಚಿದರೆ, ಟಿಬಿ ತಗುಲಿದರೆ ಯಾರು ಹೊಣೆ? ಅದಕ್ಕೇ ಒಂದು ನಿಯಮ ಬೇಕು ಅನ್ನುತ್ತಿದ್ದೇನೆ.

ಕೊನೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದವರು ನಮ್ಮೂರ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮನೆಯವರು ಒಪ್ಪಿದ ಕಡೆ ಮಾತ್ರ ನನ್ನನ್ನು ಒಳಗೆ ಕರೆದರು. ಕೂಸನ್ನು ಜೋಳಿಗೆಯಲ್ಲಿ ಹಾಕಿ ತೂಗುವುದು, ಕಂಕುಳಲ್ಲಿ ಥರ್ಮಾಮೀಟರ್ ಇಡುವುದು, ಹಾಲು ಸರಿಯಾಗಿ ಕುಡಿಯುತ್ತಿದೆಯಾ ಎಂದು ಕೂತು ನೋಡುವುದು, ಎಲ್ಲವನ್ನೂ ಕಂಡೆ. ಒಂದು ಮನೆಯಲ್ಲಿ ಬಸುರಿಯೊಬ್ಬಳು ಕಬ್ಬಿಣಾಂಶದ ಗುಳಿಗೆಗಳನ್ನು ತಿನ್ನದೆ ಹಾಗೇ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ‘ವಾಕರಿಕೆ ಬರ್ತದ ಅಕ್ಕ, ಸಂಡಾಸ ಕಪ್ಪಗಾಗ್ತದ’ ಎಂದು ಹೆದರಿದ್ದಳು. ಅಕ್ಕ ಬೈಯಲಿಲ್ಲ. ಕಪ್ಪಗಾಗೋದು ಗುಳಿಗೆಯಿಂದಲೇ, ಹೆದರಬೇಡ ಅಂದರು. ರಾತ್ರಿ ಊಟದ ಮೇಲೆ ತಗೋ, ಚಹಾ ಜೊತೆ ಮಾತ್ರ ಬೇಡ ಅಂತ ಹೇಳಿ, ಅತ್ತೆಯನ್ನೂ ಕರೆದು ಕೂರಿಸಿ ಅದನ್ನೇ ಹೇಳಿದರು. ರಕ್ತಹೀನತೆ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದೆ. ಗುಳಿಗೆ ಮನೆಗೆ ಬಂದರೂ ಹೊಟ್ಟೆಗೆ ಹೋಗುವುದಿಲ್ಲ ಎಂದು ಗೊತ್ತಾಗಿದ್ದು ಆ ಮನೆಯಲ್ಲಿ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸಂದರ್ಶನ ಇಲ್ಲ. ನೋವಲ್ಲಿರುವವರ ಜೊತೆ ಮಾತಾಡುವ ತಾಳ್ಮೆ ಇದೆಯಾ ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ, ನಾವೇ ತಿಳಿದುಕೊಳ್ಳೋಣ ಅಂದರೂ ಅವಕಾಶವಿಲ್ಲ. ಮುಂದೆ ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. 2019ರಿಂದ ಎಂಬಿಬಿಎಸ್ ಮೊದಲ ವರ್ಷದಲ್ಲೇ ರೋಗಿಗಳನ್ನು ನೋಡುವ ಪಾಠ ಬಂದಿದೆ, ಒಳ್ಳೆಯದು. ಆದರೆ ಅಷ್ಟು ಹೊತ್ತಿಗೆ ಸೀಟು ತಗೊಂಡು ಆಗಿರುತ್ತದೆ.

ಅಮೆರಿಕದಲ್ಲಿ ಮೊದಲು ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್‌ಗೆ ಅರ್ಜಿ ಹಾಕುತ್ತಾರೆ. ಆಸ್ಪತ್ರೆಯ ಅನುಭವ ಇದೆಯಾ ಎಂದು ಅಲ್ಲಿನ ಕಾಲೇಜುಗಳು ನೋಡುತ್ತವೆ. ಇಲ್ಲಿ ಅದನ್ನು ಸೀಟಿಗೆ ಕಡ್ಡಾಯ ಮಾಡುವುದು ಬೇಡವೇ ಬೇಡ. ಮಾಡಿದರೆ ಡಾಕ್ಟರ ಮಕ್ಕಳಿಗೆ ಮನೆಯಲ್ಲೇ ಸರ್ಟಿಫಿಕೇಟ್ ಸಿಗುತ್ತದೆ, ಹತ್ತಿ ಬಿಡಿಸುವವರ ಮಕ್ಕಳು ಮತ್ತೆ ಹೊರಗೇ ಉಳಿಯುತ್ತಾರೆ. ಈಗಲೂ ಹಾಗೇ ಇದೆ. ಡಾಕ್ಟರ ಮಕ್ಕಳು ಚಿಕ್ಕಂದಿನಿಂದ ಕ್ಲಿನಿಕ್ ಒಳಗೆ ಓಡಾಡಿರುತ್ತಾರೆ. ನಾವು ಆಸ್ಪತ್ರೆಯನ್ನು ನೋಡಿರುವುದು ಸಾಲಿನಲ್ಲಿ ನಿಂತು.

ಸಂವಿಧಾನದ ಕಲಂ 371(ಜೆ) ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯವರಿಗೆ. ಸರ್ಕಾರಿ ಮೆಡಿಕಲ್ ಕಾಲೇಜುಗಳೂ ಇವೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಸೀಟು ಕೊಟ್ಟ ಸರ್ಕಾರ ಬಾಗಿಲನ್ನೂ ಸ್ವಲ್ಪ ತೆರೆಯಲಿ. ಈಚಿನ ವರ್ಷಗಳಲ್ಲಿ ನೀಟ್ ಮೇ ಮೊದಲ ವಾರದಲ್ಲೇ ಮುಗಿಯುತ್ತದೆ, ಸೀಟು ಹಂಚುವ ಕೌನ್ಸೆಲಿಂಗ್ ತಡವಾಗಿ ಶುರುವಾಗುತ್ತದೆ. ನಡುವಿನ ದಿನಗಳಲ್ಲಿ ನಾವು ಮನೆಯಲ್ಲಿ ಸುಮ್ನೆ ಕೂತಿರುತ್ತೇವೆ. ಆಗ ಆಸಕ್ತಿ ಇರುವವರನ್ನು ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎರಡು ವಾರ ಸೇರಿಸಿಕೊಳ್ಳಬಹುದು. ಮೊದಲ ದಿನ ತರಬೇತಿ ಕೊಡಲಿ. ರೋಗಿಯ ವಿಷಯ ಹೊರಗೆ ಹೇಳುವುದಿಲ್ಲ ಎಂದು ಬರೆಸಿಕೊಳ್ಳಲಿ. ಸೂಜಿ, ರಕ್ತ ಮುಟ್ಟುವ ಕೆಲಸ ಬೇಡ. ರೋಗಿ ಬೇಡ ಅಂದರೆ ಹೊರಗೆ ಹೋಗುತ್ತೇವೆ. ಗಾಲಿ ಕುರ್ಚಿ ತಳ್ಳುತ್ತೇವೆ, ಲ್ಯಾಬ್ ಎಲ್ಲಿ, ಔಷಧಿ ಎಲ್ಲಿ ಅಂತ ತೋರಿಸುತ್ತೇವೆ, ಓದಲು ಬಾರದವರ ಚೀಟಿ ಓದಿ ಹೇಳುತ್ತೇವೆ. ರಾಯಚೂರಿನ ಆಸ್ಪತ್ರೆಗಳಿಗೆ ತೆಲುಗು, ಉರ್ದು ಮಾತಾಡುವವರೂ ಬರುತ್ತಾರೆ. ನಮ್ಮಲ್ಲಿ ಎಷ್ಟೋ ಹುಡುಗ ಹುಡುಗಿಯರಿಗೆ ಆ ಭಾಷೆಗಳು ಬರುತ್ತವೆ.

ಇದಕ್ಕೆ ಹೊಸ ಕಟ್ಟಡ ಬೇಡ, ಸಂಬಳವೂ ಬೇಡ. ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಪಿಯು ಇಲಾಖೆಯ ಉಪನಿರ್ದೇಶಕರು ಕೂತು ಮಾತಾಡಿ, ಬರುವ ಮೇ ತಿಂಗಳೊಳಗೆ ಒಂದು ಸುತ್ತೋಲೆ ಹೊರಡಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ನೀಟ್ ವಿದ್ಯಾರ್ಥಿನಿ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ