ಸ್ಕ್ವಾಡ್ ರಿಯಾಯಿತಿ ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಸುತ್ತಿ ಬಳಸದೆ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನೀವು ಕಳಿಸುವ ಮಿನಿಯೇಚರ್‌ಗಳಿಗೆ, ಅಂದರೆ ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಗೊಂಬೆಗಳಿಗೆ, ಬಣ್ಣ ಹಚ್ಚಿಕೊಡುವಾಗ ಐದು ಅಥವಾ ಹತ್ತರ ಸ್ಕ್ವಾಡ್‌ಗೆ (ತುಕಡಿಗೆ) ಕೊಡುತ್ತಿದ್ದ ರಿಯಾಯಿತಿ ಇರುವುದಿಲ್ಲ. ಒಂಟಿ ಮಿನಿಗೆ ಯಾವ ದರವೋ ಸ್ಕ್ವಾಡಿನ ಒಂದೊಂದಕ್ಕೂ ಅದೇ ದರ. ಈಗಾಗಲೇ ಒಪ್ಪಿಕೊಂಡಿರುವ ಆರ್ಡರ್‌ಗಳಿಗೆ ಹಳೆಯ ಲೆಕ್ಕವೇ ನಡೆಯುತ್ತದೆ. ನಿಮ್ಮ ಪೆಟ್ಟಿಗೆ ನಮ್ಮ ಶೆಲ್ಫ್ ಮೇಲೆ ಕೂತಿದ್ದರೆ ಚಿಂತೆ ಬೇಡ.

ದೊಡ್ಡ ಸೈನ್ಯ ಕಟ್ಟಲು ಹೊರಟು ಅರ್ಧ ದಾರಿಯಲ್ಲಿರುವವರಿಗೆ ಇದು ಭಾರವಾಗುತ್ತದೆ ಅಂತ ಗೊತ್ತು. ನಿಮ್ಮಲ್ಲಿ ಮನಸಾರೆ ಕ್ಷಮೆ ಕೇಳುತ್ತೇವೆ. ಆದರೆ ಸುದ್ದಿ ಹೊರಬಿದ್ದ ಮೇಲೆ ‘ದುರಾಸೆ’ ಅನ್ನುವ ಮಾತೂ ಕಿವಿಗೆ ಬಿತ್ತು. ಅದನ್ನು ಮಾತ್ರ ಸುಮ್ಮನೆ ಕೇಳಿಸಿಕೊಂಡು ಇರಲಾಗುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಹತ್ತೂ ಒಂದೇ ಥರ ಇವೆಯಲ್ಲ, ಒಂದಕ್ಕೆ ಹಚ್ಚಿದ ಬಣ್ಣವನ್ನೇ ಉಳಿದ ಒಂಬತ್ತಕ್ಕೂ ಹಚ್ಚುವುದು. ಅದರಲ್ಲೇನಿದೆ?”

ಒಟ್ಟಿಗೆ ಮಾಡಿದರೆ ಒಂದಿಷ್ಟು ಕೆಲಸ ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಬಣ್ಣ ಹಿಡಿಯಲೆಂದು ಮೊದಲು ಕಪ್ಪು ಪ್ರೈಮರ್ ಹೊಡೆದು, ನೆತ್ತಿಯ ಕಡೆಯಿಂದ ಬಿಳಿ ಹಾಯಿಸಿ, ಬೆಳಕು ನೆರಳು ಎಲ್ಲಿ ಬೀಳಬೇಕು ಅಂತ ಗುರುತು ಮಾಡಿಕೊಳ್ಳುವುದನ್ನು ಹತ್ತಕ್ಕೂ ಒಂದೇ ಸಲ ಮಾಡಬಹುದು. ಕವಚದ ಬೇಸ್ ಕೋಟನ್ನು, ಅಂದರೆ ತಳದ ಬಣ್ಣವನ್ನು, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಲ್ಲಿ ಸಾಲಾಗಿ ಹಾಕಿದರೆ ಏರ್‌ಬ್ರಶ್ ಬಿಚ್ಚಿ ತೊಳೆಯುವ ಕೆಲಸವೂ ಒಂದೇ ಸಲ. ಉಳಿತಾಯ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದೆ ಎಲ್ಲ ಕೈಬ್ರಶ್ಶಿನ ಕೆಲಸ. 28 ಮಿಲಿಮೀಟರ್ ಅಳತೆಯ ಸೈನಿಕನ ಹೆಲ್ಮೆಟ್‌ನಲ್ಲಿ ಕಣ್ಣಿನ ಲೆನ್ಸ್ ಅಂದರೆ ಒಂದು ಮಿಲಿಮೀಟರ್ ಆಸುಪಾಸು. ಅದರೊಳಗೆ ಮೊದಲು ಕಡುಗೆಂಪು, ಒಂದು ಮೂಲೆಗೆ ತಿಳಿಗೆಂಪು, ಎದುರು ಮೂಲೆಗೆ ಸೂಜಿಮೊನೆಯಷ್ಟು ಬಿಳಿ. ಹತ್ತು ಸೈನಿಕರಿಗೆ ಇಪ್ಪತ್ತು ಕಣ್ಣು. ಇಪ್ಪತ್ತನೆಯದು ಮೊದಲನೆಯದಕ್ಕಿಂತ ಬೇಗ ಆಗುವುದಿಲ್ಲ. ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಇನ್ನೂ ನಿಧಾನವಾಗುತ್ತದೆ. ಎಡ್ಜ್ ಹೈಲೈಟ್ ಕಥೆಯೂ ಅದೇ. ಭುಜ, ಮೊಣಕಾಲು, ಬೆನ್ನಿನ ಯಂತ್ರ, ಬಂದೂಕು, ಹೀಗೆ ಎದ್ದು ನಿಂತ ಅಂಚಿಗೆಲ್ಲ ಬ್ರಶ್ಶಿನ ಪಕ್ಕೆ ತಾಗಿಸಿ ತೆಳು ಗೆರೆ ಎಳೆಯಬೇಕು. ಗೆರೆ ದಪ್ಪವಾದರೆ ಕವಚ ಗೊಂಬೆಯ ಅಂಗಿಯಂತೆ ಕಾಣುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶೋಕೇಸ್‌ನಲ್ಲಿ ಒಬ್ಬನೇ ನಿಲ್ಲುವ ನಾಯಕನ ನೀಲಿ ಒಂಚೂರು ತಿಳಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲಾಗಿ ನಿಂತ ಹತ್ತರಲ್ಲಿ ಒಂದರ ನೀಲಿ ಬೇರೆಯಾದರೆ ಆಟದ ಮೇಜಿನ ಆ ತುದಿಯಲ್ಲಿ ಕೂತವರಿಗೂ ಅದೇ ಮೊದಲು ಕಾಣುತ್ತದೆ. ಅಕ್ರಿಲಿಕ್ ಬಣ್ಣ ಒದ್ದೆಯಿದ್ದಾಗ ಇದ್ದ ಹಾಗೆ ಒಣಗಿದ ಮೇಲೆ ಇರುವುದಿಲ್ಲ, ಸ್ವಲ್ಪ ಗಾಢವಾಗುತ್ತದೆ. ಇವತ್ತು ಬೆರೆಸಿದ್ದನ್ನು ನಾಳೆ ಕಣ್ಣಂದಾಜಿನಲ್ಲಿ ಬೆರೆಸಿದರೆ ಹೊಂದುವುದಿಲ್ಲ. ಅದಕ್ಕೇ ಇಡೀ ಸ್ಕ್ವಾಡ್‌ಗೆ ಸಾಲುವಷ್ಟು ಬಣ್ಣವನ್ನು ಒಮ್ಮೆಗೇ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಡುತ್ತೇವೆ. ಮೊದಲು ಒಂದೇ ಒಂದು ಮಿನಿಯನ್ನು ಪೂರ್ತಿ ಮುಗಿಸಿ ನಿಮಗೆ ಫೋಟೊ ಕಳಿಸುತ್ತೇವೆ, ನೀವು ಒಪ್ಪಿದ ಮೇಲೆಯೇ ಉಳಿದವಕ್ಕೆ ಕೈ ಹಾಕುವುದು. ಒಬ್ಬೊಬ್ಬರ ಕೈ ಒತ್ತಡ ಒಂದೊಂದು ಥರ ಇರುವುದರಿಂದ ಹೈಲೈಟನ್ನು ಹತ್ತಕ್ಕೂ ಒಬ್ಬರೇ ಎಳೆಯುತ್ತಾರೆ. ಒಂಟಿ ಮಿನಿಗೆ ಇದ್ಯಾವುದೂ ಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಸ್ಕ್ವಾಡ್ ಕೆಲಸವೇ ಕಷ್ಟದ್ದು.

ಹಾಗಿದ್ದರೆ ಇಷ್ಟು ದಿನ ರಿಯಾಯಿತಿ ಎಲ್ಲಿಂದ ಬರುತ್ತಿತ್ತು? ಬ್ರಶ್ ಹಿಡಿದವರ ಕೂಲಿಯಿಂದ. ನಮ್ಮದು ಸಹಕಾರಿ ಸ್ಟುಡಿಯೊ, ಮೇಲೆ ಕೂತು ಲಾಭ ಎಣಿಸುವ ಮಾಲೀಕರು ಇಲ್ಲ. ಬಿಲ್ಲಿನಲ್ಲಿ ಬಿಟ್ಟುಕೊಟ್ಟ ಹಣ ನೇರವಾಗಿ ಪೇಂಟರ್‌ಗಳ ಪಾಲಿನಿಂದಲೇ ಹೋಗುತ್ತಿತ್ತು. ಅವರು ಅದನ್ನು ಪ್ರೀತಿಯಿಂದಲೇ ಬಿಟ್ಟುಕೊಟ್ಟರು. ಇನ್ನು ಮುಂದೆ ಹಾಗೆ ಕೇಳುವುದು ನ್ಯಾಯವಲ್ಲ.

“ಒಂದು ಹನಿ ಬಣ್ಣಕ್ಕೆ ಇಷ್ಟಾ?” ಅನ್ನುವವರೂ ಇದ್ದಾರೆ. ಬಣ್ಣ ನಿಜವಾಗಿ ಕಡಿಮೆಯೇ ಬೇಕು. ಖರ್ಚಾಗುವುದು ಬ್ರಶ್. ಸಣ್ಣ ಕೆಲಸಕ್ಕೆ ಬಳಸುವ ಕೊಲಿನ್‌ಸ್ಕಿ ಬ್ರಶ್ಶಿನ ಕೂದಲು ಸೈಬೀರಿಯಾದ ಒಂದು ಜಾತಿಯ ವೀಸಲ್ ಪ್ರಾಣಿಯ ಬಾಲದ್ದು. ಆ ಪ್ರಾಣಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧ 3ರಲ್ಲಿದೆ, ಗಡಿ ದಾಟಬೇಕಾದರೆ ಕಾಗದಪತ್ರ ಸರಿಯಿರಬೇಕು. ಪೂರೈಕೆ ಯಾವಾಗ ನಿಲ್ಲುತ್ತದೋ ಹೇಳಲಾಗದು. ಅಂಥ ಬ್ರಶ್ ಪ್ಲಾಸ್ಟಿಕ್ ಅಂಚುಗಳ ಮೇಲೆ ಸತತ ಎಳೆದರೆ ಮೊನೆ ಸೀಳುತ್ತದೆ. ಆಮೇಲೆ ಅದು ವಾಶ್ (ಸಂದುಗಳಿಗೆ ಇಳಿಯುವ ನೀರಾದ ಬಣ್ಣ) ಬಳಿಯಲಿಕ್ಕಷ್ಟೇ ಲಾಯಕ್ಕು, ಕಣ್ಣಿಗೆ ಹೊಸದೇ ಬೇಕು. ಲೋಹದ ಬಣ್ಣಕ್ಕೆ ಬೇರೆ ಬ್ರಶ್, ಬೇರೆ ನೀರು. ಅದರ ಹೊಳಪಿನ ಚೂರುಗಳು ಬಟ್ಟೆಯ ಬಣ್ಣಕ್ಕೆ ಸೇರಿದರೆ ತೆಗೆಯಲಾಗುವುದಿಲ್ಲ.

ಡೀಕಾಲ್ (ನೀರಲ್ಲಿ ನೆನೆಸಿ ಕೂರಿಸುವ ತೆಳು ಲಾಂಛನದ ಚಿತ್ರ) ವಿಷಯಕ್ಕೆ ಬರೋಣ, ಯಾಕೆಂದರೆ “ಸ್ಟಿಕ್ಕರ್ ಅಂಟಿಸಲಿಕ್ಕೂ ದುಡ್ಡಾ” ಅಂದವರಿದ್ದಾರೆ. ಭುಜದ ಕವಚ ಎರಡು ದಿಕ್ಕಿಗೂ ಬಾಗಿರುತ್ತದೆ, ಚಪ್ಪಟೆ ಡೀಕಾಲ್ ಅದರ ಮೇಲೆ ಹಾಗೇ ಕೂರುವುದಿಲ್ಲ, ಅಂಚಿನಲ್ಲಿ ನೆರಿಗೆ ಬೀಳುತ್ತದೆ. ಮೊದಲು ಹೊಳಪಿನ ವಾರ್ನಿಶ್ ಬಳಿಯಬೇಕು, ಇಲ್ಲದಿದ್ದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಕೂರಿಸಿ, ಅಂಚಿಗೆ ಸಣ್ಣ ಸೀಳು ಕೊಟ್ಟು, ಮೆತ್ತಗಾಗಿಸುವ ದ್ರಾವಣ ಹಚ್ಚಬೇಕು. ಆಗ ಅದು ಮುದುಡಿಕೊಂಡು ಕೆಟ್ಟೇಹೋಯಿತು ಅನ್ನಿಸುವಂತೆ ಕಾಣುತ್ತದೆ. ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ಒಣಗುತ್ತ ತಾನೇ ಬಿಗಿದುಕೊಂಡು ಕೈಯಲ್ಲಿ ಬರೆದ ಲಾಂಛನದ ಹಾಗೆ ಕೂರುತ್ತದೆ. ಅದರ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್. ಆ ವಾರ್ನಿಶ್ ಸ್ಪ್ರೇಯನ್ನು ತೇವದ ಹವೆಯಲ್ಲಿ ಹೊಡೆದರೆ ಇಡೀ ಮಿನಿ ಬೂದಿ ಮೆತ್ತಿದಂತೆ ಮಸುಕಾಗುತ್ತದೆ. ಮುಗಿದ ಸ್ಕ್ವಾಡನ್ನು ಒಮ್ಮೊಮ್ಮೆ ಕೆಲವು ದಿನ ಇಟ್ಟುಕೊಂಡು ತಡಮಾಡುವುದು ಇದೇ ಕಾರಣಕ್ಕೆ.

2019ರಲ್ಲಿ, ಒಂದೇ ಕೋಟಿನಲ್ಲಿ ಬೆಳಕು ನೆರಳು ಎರಡೂ ಮೂಡಿಸುವ ಸಿಟಾಡೆಲ್ ಕಾಂಟ್ರಾಸ್ಟ್ ಬಣ್ಣಗಳು ಬಂದ ಮೇಲೆ “ಒಂದೇ ಕೋಟಿನಲ್ಲಿ ಮುಗಿಸಿ, ಅಗ್ಗಕ್ಕೆ ಕೊಡಿ” ಅನ್ನುವ ಸಲಹೆಯೂ ಬರುತ್ತಿರುತ್ತದೆ. ಒಳ್ಳೆಯ ಬಣ್ಣ, ನಾವೂ ಬಳಸುತ್ತೇವೆ. ಬಟ್ಟೆಯ ಮಡಿಕೆ, ತುಪ್ಪಳ, ಅನ್ಯಗ್ರಹದ ಜೀವಿಗಳ ಚರ್ಮಕ್ಕೆ ಅದು ಚೆನ್ನ. ಕವಚದ ಚಪ್ಪಟೆ ಫಲಕದ ಮೇಲೆ ಮಾತ್ರ ಅದು ಕೊಚ್ಚೆಯಾಗಿ ನಿಂತು ಕಲೆ ಬಿಡುತ್ತದೆ. ಮೈತುಂಬ ಕವಚ ತೊಟ್ಟ ಸ್ಪೇಸ್ ಮರೀನ್ ಸೈನಿಕನಂಥ ಮಿನಿಯಲ್ಲಿ ಮುಕ್ಕಾಲು ಭಾಗ ಕವಚವೇ.

ಮನೆಯಲ್ಲೇ ತ್ರೀಡಿ ಪ್ರಿಂಟ್ ಮಾಡಿ ಕಳಿಸುವವರಲ್ಲಿ ಒಂದು ವಿನಂತಿ. ರೆಸಿನ್ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಚೆನ್ನಾಗಿ ತೊಳೆದು, ಯುವಿ ಬೆಳಕಲ್ಲಿ ಗಟ್ಟಿಮಾಡಿ, ಸಪೋರ್ಟ್ ಕಡ್ಡಿಗಳ ಗುರುತು ಉಜ್ಜಿ ಕಳಿಸಿ.

ಖರ್ಚು ತಗ್ಗಿಸಲು ನಿಮ್ಮ ಕೈಯಲ್ಲೂ ದಾರಿಯಿದೆ. ಬಿಡಿಭಾಗಗಳನ್ನು ಸ್ಪ್ರೂನಿಂದ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ) ಬಿಡಿಸಿ, ಮೋಲ್ಡ್ ಲೈನ್ (ಅಚ್ಚು ಬಿಟ್ಟ ಗೆರೆ) ಕೆರೆದು, ಜೋಡಿಸಿ ಕಳಿಸಿದರೆ ಆ ಕೂಲಿಯನ್ನು ಬಿಲ್ಲಿನಿಂದ ಕಳೆಯುತ್ತೇವೆ. ಆದರೆ ಎದೆಗೆ ಅಡ್ಡ ಬರುವ ಬಂದೂಕು, ಬೆನ್ನಿನ ಯಂತ್ರ, ತಲೆ ಇವುಗಳನ್ನು ಅಂಟಿಸಬೇಡಿ. ಅಂಟಿಸಿದರೆ ಹಿಂದಿನ ಜಾಗಕ್ಕೆ ಬ್ರಶ್ ಹೋಗುವುದಿಲ್ಲ, ನೀವು ಉಳಿಸಿಕೊಟ್ಟ ಸಮಯದ ಎರಡರಷ್ಟು ಅಲ್ಲೇ ಹೋಗುತ್ತದೆ.

ಇನ್ನು ಮುಂದೆ ಪ್ರತಿ ಸ್ಕ್ವಾಡ್ ಜೊತೆ, ಬೆರೆಸಿ ಉಳಿದ ಬಣ್ಣವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ. ಆಟದಲ್ಲಿ ಬಿದ್ದು ಅಂಚಿನ ಬಣ್ಣ ಎದ್ದರೆ ನೀವೇ ಮುಚ್ಚಬಹುದು. ಯಾವ ಕೋಟಿಗೆ ಯಾವ ಬಣ್ಣ ಅಂತ ಬರೆದ ಚೀಟಿಯೂ ಇರುತ್ತದೆ. ಹಳೆಯ ಗ್ರಾಹಕರ ಸೈನ್ಯದ ಬಣ್ಣ ಹಚ್ಚಿದ ಸ್ಪ್ರೂ ತುಂಡುಗಳು ನಮ್ಮ ಡ್ರಾಯರ್‌ನಲ್ಲಿ ಚೀಟಿ ಸಮೇತ ಹಾಗೇ ಇವೆ. ವರ್ಷಗಳ ನಂತರ ಬಂದು ಇನ್ನೊಂದು ಸ್ಕ್ವಾಡ್ ಸೇರಿಸಬೇಕು ಅಂದರೂ ನಿಮ್ಮದೇ ಹಸಿರು, ನಿಮ್ಮದೇ ಕೆಂಪು ಸಿಗುತ್ತದೆ. ಆ ಮಾತು ಹಿಂದೆಯೂ ಕೊಟ್ಟಿದ್ದೆವು, ಈಗಲೂ ಕೊಡುತ್ತಿದ್ದೇವೆ.

ಹಳದಿ ಸೈನ್ಯ ಕಟ್ಟಲು ಯೋಚಿಸುತ್ತಿರುವವರು ಆರ್ಡರ್ ಹಾಕುವ ಮುಂಚೆ ನಮ್ಮೊಂದಿಗೆ ಒಮ್ಮೆ ಮಾತಾಡಿ. ಹಳದಿ ಕಪ್ಪಿನ ಮೇಲೆ ಮುಚ್ಚುವುದಿಲ್ಲ, ಕೆಳಗೆ ಗುಲಾಬಿಯೋ ತಿಳಿಕಂದೋ ಹಾಕಿ ಮೇಲೆ ತೆಳುವಾಗಿ ಹಲವು ಕೋಟು ಕೊಡಬೇಕು. ಎಷ್ಟು ಗಂಟೆ ಹಿಡಿಯುತ್ತದೆ ಅಂತ ಮೊದಲೇ ಕೂತು ಲೆಕ್ಕ ಹಾಕಿಕೊಳ್ಳೋಣ.

ಇಂತಿ ನಿಮ್ಮ ವಿಶ್ವಾಸದ,
ಸ್ಟುಡಿಯೊದ ಎಲ್ಲ ಪೇಂಟರ್‌ಗಳು