ದತ್ತಿ ಮುರಿಯುವ ಮುನ್ನ ದಾನಿಗೊಂದು ಮಾತು ತಿಳಿಸಿ

ಮಾನ್ಯ ಸಂಪಾದಕರೇ,

ಹಣಕಾಸಿನ ಬಿಕ್ಕಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ವಿಶ್ವವಿದ್ಯಾಲಯಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಮುಖ್ಯಸ್ಥರು ಬಿಗಿಯಾಗಿದ್ದರೆ ಸಂಸ್ಥೆ ತಾನಾಗಿ ದಾರಿಗೆ ಬರುತ್ತದೆ ಎಂಬುದು ಅದರ ಸಾರ. ನಾನು ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ‘ಬಿಗಿ ಆಡಳಿತ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೊಂದು ಕಡತ ನೆನಪಾಗುತ್ತದೆ.

ಅದೊಂದು ತಿಂಗಳ ಕೊನೆ. ಸಂಬಳಕ್ಕೆ ಹಣ ಸಾಲದು. ದತ್ತಿನಿಧಿಯ ಠೇವಣಿಗಳನ್ನು ಅವಧಿಗೆ ಮುನ್ನವೇ ಮುರಿಸಿ ಸಾಮಾನ್ಯ ಖಾತೆಗೆ ಹಾಕಿಸಿ ಎಂದು ಮೇಲಿನಿಂದ ಸೂಚನೆ ಬಂತು. ಟಿಪ್ಪಣಿ ಬರೆದವನು ನಾನೇ. ಆ ಠೇವಣಿಗಳಲ್ಲಿ ಒಂದು, ತೀರಿಹೋದ ಮಗಳ ಹೆಸರಿನಲ್ಲಿ ಗಣಿತಕ್ಕೆ ಪದಕ ಕೊಡಲೆಂದು ಒಬ್ಬ ತಾಯಿ ಇಟ್ಟದ್ದು. ಕಡತದ ತಳದಲ್ಲಿ ಅವರ ಕೈಬರಹದ ಪತ್ರವಿತ್ತು. ‘ಬಡ್ಡಿ ಮಾತ್ರ ಬಳಸತಕ್ಕದ್ದು, ಅಸಲು ಮುಟ್ಟಕೂಡದು’ ಎಂಬ ಸಾಲಿನ ಕೆಳಗೆ ನೀಲಿ ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ನಾನು ‘ತಾತ್ಕಾಲಿಕ ಹೊಂದಾಣಿಕೆ, ಅನುದಾನ ಬಂದ ಕೂಡಲೇ ಮರುಭರ್ತಿ ಮಾಡಲಾಗುವುದು’ ಎಂದು ಬರೆದು ಸಹಿ ಹಾಕಿ ಕಳಿಸಿದೆ.

ಸಂಬಳ ಆಯಿತು. ನನಗೂ ಬಂತು, ಅದನ್ನು ಮರೆಮಾಚುವುದಿಲ್ಲ. ವರ್ಷದ ಕೊನೆಗೆ ಲೆಕ್ಕಪತ್ರದಲ್ಲಿ ಕೊರತೆ ಕಾಣಲಿಲ್ಲ. ಸಂಸ್ಥೆ ಚೇತರಿಸಿಕೊಂಡಿದೆ ಎಂದು ಆಡಳಿತ ಹೇಳಿಕೊಂಡಿತು. ಅದೇ ವರ್ಷ ಗ್ರಂಥಾಲಯಕ್ಕೆ ಸಂಶೋಧನಾ ಪತ್ರಿಕೆಗಳು ಬರುವುದು ನಿಂತಿತ್ತು. ಅತಿಥಿ ಉಪನ್ಯಾಸಕರ ಗೌರವಧನ ಐದು ತಿಂಗಳು ಬಾಕಿ ಇತ್ತು. ಅವರು ನನ್ನ ಕಿಟಕಿಯ ಬಳಿ ಬಂದು ಕೇಳಿದಾಗ ‘ಬಿಲ್ಲು ಆಡಿಟ್‌ನಲ್ಲಿದೆ’ ಎನ್ನುತ್ತಿದ್ದೆ. ಬಿಲ್ಲು ನನ್ನ ಮೇಜಿನ ಖಾನೆಯಲ್ಲೇ ಇರುತ್ತಿತ್ತು. ಹಾಗೆ ಹೇಳಬೇಕೆಂದು ಅಪ್ಪಣೆಯಾಗಿತ್ತು.

ಹಣ ಇರಲಿಲ್ಲ ಎಂಬುದಕ್ಕಿಂತ, ಹಣ ಇಲ್ಲ ಎಂದು ಯಾರಿಗೂ ಹೇಳದೆ ಇದ್ದದ್ದು ನನ್ನನ್ನು ಈಗಲೂ ಚುಚ್ಚುತ್ತದೆ.

ಅಮೆರಿಕದ ವರ್ಜೀನಿಯಾದಲ್ಲಿರುವ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜಿನ ಸಂಗತಿ ಇಲ್ಲಿ ಹೇಳಬೇಕು. 2015ರ ಮಾರ್ಚ್‌ನಲ್ಲಿ ಅದರ ಆಡಳಿತ ಮಂಡಳಿ ಕಾಲೇಜು ಮುಚ್ಚುವುದಾಗಿ ಪ್ರಕಟಿಸಿತು. ದತ್ತಿನಿಧಿಯಲ್ಲಿ 8 ಕೋಟಿ ಡಾಲರಿಗೂ ಹೆಚ್ಚು ಹಣವಿತ್ತು. ಆದರೆ ಅದರಲ್ಲಿ ಬಹುಪಾಲು ದಾನಿಗಳ ಷರತ್ತಿಗೆ ಒಳಪಟ್ಟದ್ದು, ನಿತ್ಯದ ಖರ್ಚಿಗೆ ತೆಗೆಯುವಂತಿಲ್ಲ. ಹಳೆಯ ವಿದ್ಯಾರ್ಥಿನಿಯರು ಸುಮ್ಮನೆ ಕೂರಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. ಜೂನ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಹಳೆಯ ವಿದ್ಯಾರ್ಥಿನಿಯರು 1.2 ಕೋಟಿ ಡಾಲರ್ ಕೂಡಿಸಿ ಕೊಡುವುದು, 1.6 ಕೋಟಿ ಡಾಲರಿನಷ್ಟು ದತ್ತಿಯ ಮೇಲಿನ ನಿರ್ಬಂಧ ಸಡಿಲಿಸಲು ಅಟಾರ್ನಿ ಜನರಲ್ ಒಪ್ಪುವುದು. ಅಧ್ಯಕ್ಷರು ಬದಲಾದರು, ಫಿಲಿಪ್ ಸ್ಟೋನ್ ಆ ಸ್ಥಾನಕ್ಕೆ ಬಂದರು. ಕಾಲೇಜು ಉಳಿಯಿತು.

ಗಮನಿಸಿ, ಅಲ್ಲಿಯೂ ದತ್ತಿಗೆ ಕೈ ಹಾಕಲೇಬೇಕಾಯಿತು. ಆದರೆ ಎಷ್ಟು, ಏಕೆ, ಯಾರ ಒಪ್ಪಿಗೆಯ ಮೇಲೆ ಎಂಬುದು ಹತ್ತು ಜನರ ಮುಂದೆ ತೀರ್ಮಾನವಾಯಿತು. ನಾವು ಅದನ್ನೇ ಒಂದು ಮಧ್ಯಾಹ್ನ, ಎರಡು ಸಹಿಗಳಲ್ಲಿ ಮುಗಿಸಿದ್ದೆವು.

ಎಲ್ಲಿ ಕಡಿತ ಮಾಡಬೇಕು ಎಂಬುದಕ್ಕೂ ಧೈರ್ಯ ಬೇಕು. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಪಾಲ್ ಕ್ವಿನ್ ಎಂಬ ಕಪ್ಪು ಜನರ ಕಾಲೇಜಿದೆ; ಅದು 1872ರಲ್ಲಿ ಅದೇ ರಾಜ್ಯದ ಆಸ್ಟಿನ್‌ನಲ್ಲಿ ಸ್ಥಾಪನೆಯಾದದ್ದು. 2007ರಲ್ಲಿ ಮೈಕೆಲ್ ಸೊರೆಲ್ ಅಧ್ಯಕ್ಷರಾದಾಗ ಅದು ಮುಳುಗುವ ಸ್ಥಿತಿಯಲ್ಲಿತ್ತು. ಅವರು ನಿಲ್ಲಿಸಿದ್ದು ಫುಟ್‌ಬಾಲ್ ತಂಡವನ್ನು. ಟೆಕ್ಸಾಸ್‌ನಲ್ಲಿ ಫುಟ್‌ಬಾಲ್ ಮುಟ್ಟುವುದೆಂದರೆ ಜೇನುಗೂಡಿಗೆ ಕೈ ಹಾಕಿದಂತೆ. 2010ರಲ್ಲಿ ಆ ಮೈದಾನವನ್ನೇ ಉತ್ತು ತರಕಾರಿ ತೋಟ ಮಾಡಿದರು. ಸುತ್ತಮುತ್ತ ತಾಜಾ ತರಕಾರಿ ಸಿಗುವ ಅಂಗಡಿಗಳೇ ಇಲ್ಲದ ಪ್ರದೇಶ ಅದು. ಮುಂದೆ ವಿದ್ಯಾರ್ಥಿಗಳು ದುಡಿಯುತ್ತ ಓದುವ ವ್ಯವಸ್ಥೆ ತಂದು ಶುಲ್ಕವನ್ನೂ ಇಳಿಸಿದರು. ಅವರ ಎಲ್ಲ ತೀರ್ಮಾನಗಳೂ ಸರಿ ಎಂದು ನಾನು ಹೇಳಲಾರೆ. ಆದರೆ ಅವರು ಕತ್ತರಿ ಹಾಕಿದ್ದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ದನಿ ಇಲ್ಲದವರ ಗೌರವಧನ ತಡೆಹಿಡಿಯುವುದು ಅದಕ್ಕಿಂತ ಬಲು ಸುಲಭ. ಆ ಸುಲಭದ ದಾರಿಯಲ್ಲಿ ನಡೆದವನಾಗಿ ಹೇಳುತ್ತಿದ್ದೇನೆ.

ಆದ್ದರಿಂದ ವಿಶ್ವವಿದ್ಯಾಲಯವನ್ನು ಮೇಲೆತ್ತಲು ಹೊರಟ ಮುಖ್ಯಸ್ಥರಲ್ಲಿ ನನ್ನ ವಿನಂತಿ: ತಿಂಗಳ ಜಮಾ-ಖರ್ಚನ್ನು ಬಾಕಿಗಳ ಸಮೇತ ಸೂಚನಾ ಫಲಕದಲ್ಲಿ ಹಾಕಿಸಿ. ಜವಾನರಿಂದ ಪ್ರಾಧ್ಯಾಪಕರವರೆಗೆ ಎಲ್ಲರೂ ಓದಲಿ. ದತ್ತಿ ಮುಟ್ಟಲೇಬೇಕಾದರೆ ಮೊದಲು ಕೊಟ್ಟವರ ಒಪ್ಪಿಗೆ ಕೇಳಿ.

ಮುಂದಿನ ಘಟಿಕೋತ್ಸವಕ್ಕೆ ಆ ತಾಯಿ ಬಂದಿದ್ದರು. ಗಣಿತದಲ್ಲಿ ಮೊದಲು ಬಂದ ಹುಡುಗಿಗೆ ಪ್ರಮಾಣಪತ್ರವಷ್ಟೇ ಕೊಟ್ಟೆವು. ಕಾರ್ಯಕ್ರಮ ಮುಗಿದ ಮೇಲೆ ‘ಪದಕ ತಡವಾಯಿತೇನಪ್ಪಾ?’ ಎಂದು ನನ್ನನ್ನೇ ಕೇಳಿದರು. ‘ಹೌದಮ್ಮಾ, ಆರ್ಡರ್ ಹೋಗಿದೆ’ ಎಂದೆ. ನಾನು ನಿವೃತ್ತನಾಗುವವರೆಗೂ ಆ ಖಾತೆಗೆ ಹಣ ಮರಳಲಿಲ್ಲ. ಕಡತ ಇನ್ನೂ ಅಲ್ಲಿಯೇ ಇರಬೇಕು. ಈಗಿರುವವರು ಅದನ್ನು ತರಿಸಿಕೊಂಡು, ಅಸಲನ್ನು ಬಡ್ಡಿ ಸಮೇತ ತುಂಬಿ, ಆ ಮನೆಗೊಂದು ಪತ್ರ ಬರೆಯಬೇಕು.

– ನಿವೃತ್ತ ಲೆಕ್ಕಪತ್ರ ಅಧೀಕ್ಷಕ