ನಿನ್ನ ನೀಲಿ ರಟ್ಟಿನ ಪುಸ್ತಕ ಎಲ್ಲಿದೆ?

ಪ್ರೀತಿಯ ಗೆಳೆಯನಿಗೆ,

ಸಿದ್ದಾಪುರ ಸೀಮೆಯ ಈ ಮೂಲೆಯಿಂದ ನಮಸ್ಕಾರ. ಪಿಜಿ ಓದಿನ ಕೊನೆಯ ವರ್ಷ, ಪತ್ರ ಓದಲು ಪುರುಸೊತ್ತು ಸಿಗುತ್ತದೆಯೋ ಇಲ್ಲವೋ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈಗ ಇರುವ ಡಾಕ್ಟರು ನೀನು ಹೋದ ಮೇಲೆ ಬಂದ ಮೂರನೆಯವರು. ಬಳ್ಳಾರಿ ಕಡೆಯವರು. ಜೂನ್ ಮಳೆಯಲ್ಲಿ ಬಂದಿಳಿದಾಗ ಇಂಬಳಕ್ಕೆ ಹೆದರಿ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಂಡು ಓಡಾಡುತ್ತಿದ್ದರು, ಥೇಟ್ ನಿನ್ನ ಹಾಗೆಯೇ.

ನೀನು ಹೋದೆ ಎಂದು ನನಗೆ ಸಿಟ್ಟಿಲ್ಲ. ಡಾಕ್ಟರಿಕೆ ಓದಿ ಮುಗಿಸಿದವರಿಂದ 2012ರ ಕಾಯಿದೆ ಕೇಳಿದ್ದು ಒಂದು ವರ್ಷದ ಸರ್ಕಾರಿ ಸೇವೆ, ನೀನು ಕೊಟ್ಟೆ. ನನ್ನ ತಕರಾರು ಆ ವರ್ಷದ ಲೆಕ್ಕದ ಮೇಲೆ. ಮೊದಲ ನಾಲ್ಕು ತಿಂಗಳು ಯಾರ ಮನೆ ಯಾವ ತೋಟದಾಚೆ ಎಂದು ತಿಳಿಯುವುದಕ್ಕೇ ಹೋಯಿತು. ಕೊನೆಯ ಮೂರು ತಿಂಗಳು ಮೇಜಿನ ಖಾನೆಯಲ್ಲಿ ಪಿಜಿ ಸೀಟಿನ ನೀಟ್ ಪರೀಕ್ಷೆಯ ಪುಸ್ತಕ. ನಡುವಿನ ಐದು ತಿಂಗಳಷ್ಟೇ ನಮಗೆ ಡಾಕ್ಟರು ಇದ್ದದ್ದು. ಕಡತದಲ್ಲಿ ಮಾತ್ರ ಹುದ್ದೆ ಇಡೀ ವರ್ಷ ಭರ್ತಿ!

ಈ ಜನವರಿಯಲ್ಲಿ ನಡೆದದ್ದು ಹೇಳುತ್ತೇನೆ ಕೇಳು. ಕೆಳಗಿನ ಕೇರಿಯ ಹುಡುಗನೊಬ್ಬ ಜ್ವರ, ಸೊಂಟನೋವು ಎಂದು ಬಂದ. ಡಾಕ್ಟರು ಮಾತ್ರೆ ಬರೆಯುತ್ತಿದ್ದರು. ಪಕ್ಕದಲ್ಲಿದ್ದ ಸಿಸ್ಟರ್ ಒಂದೇ ಮಾತು ಕೇಳಿದರು: "ಒಣ ದರಕೆಲೆ ತರಲು ಯಾವ ಬೆಟ್ಟಕ್ಕೆ ಹೋಗಿದ್ದೆಯೋ?" ಅವನು ಹೇಳಿದ ಬೆಟ್ಟದಲ್ಲಿ ಹಿಂದಿನ ವಾರವಷ್ಟೇ ಮಂಗ ಸತ್ತುಬಿದ್ದಿತ್ತು. ರಕ್ತದ ಮಾದರಿ ಅಂದೇ ಶಿವಮೊಗ್ಗಕ್ಕೆ ಹೋಯಿತು. ಮಂಗನ ಕಾಯಿಲೆಯೇ, ಕಾಡಿನ ಉಣುಗು ಕಚ್ಚಿ ಬರುವಂಥದ್ದು. ಅದಕ್ಕೆ ನೇರ ಔಷಧವಿಲ್ಲ, ಬೇಗ ಸೇರಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದು ನೀನೇ ಹೇಳುತ್ತಿದ್ದೆ. ಹುಡುಗ ಉಳಿದ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಯನ್ನು ಬಳ್ಳಾರಿಯ ಡಾಕ್ಟರೂ ಪಠ್ಯದಲ್ಲಿ ಓದಿಯೇ ಇರುತ್ತಾರೆ. ಯಾವ ಕೇರಿಯವರು ಯಾವ ಬೆಟ್ಟಕ್ಕೆ ಹೋಗುತ್ತಾರೆ ಎಂಬುದು ಪಠ್ಯದಲ್ಲಿ ಎಲ್ಲಿರಬೇಕು?

ಅಂದಹಾಗೆ, ಸಿಸ್ಟರ್ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದದ ಹೆಸರು. ಊರಿಗೆ ಮಾತ್ರ ಅವರು ಸಿಸ್ಟರೇ. ನಿವೃತ್ತಿಗೆ ಇನ್ನೆರಡು ವರ್ಷ.

ದೂರದ ಡಾಕ್ಟರನ್ನು ಫೋನಿನಲ್ಲಿ ಹತ್ತಿರ ತರುವ ಉಪಾಯಗಳನ್ನು ನಾನು ಹೀಗಳೆಯುವವನಲ್ಲ. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಪುಕ್ಕಟೆ ಕೊಡುತ್ತಾರೆ. ನಮ್ಮ ಬಾವ ಇಂದು ಅಡಿಕೆ ಕೊಯಿಲಿಗೆ ಆಳು ಸಿಗಲಿಲ್ಲ ಎಂದು ಗೊಣಗುತ್ತ ಕುಳಿತಿದ್ದರೆ ಅದಕ್ಕೆ ಆ ಚುಚ್ಚುಮದ್ದೇ ಕಾರಣ. ಆದರೆ ಎದೆನೋವು ಒಂದು ಗಂಟೆಯ ಕೆಲಸ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸುರಿಯ ರಕ್ತಹೀನತೆ ಹಾಗಲ್ಲ. ಹೋದ ತಿಂಗಳು ಹೇಳಿದ್ದನ್ನು ಈ ತಿಂಗಳು ನೆನಪಿಟ್ಟುಕೊಂಡು ಗದರುವವರು ಬೇಕು. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಹಳ್ಳ ಹರಿಯುವ ನಮ್ಮಲ್ಲಿ ಇಷ್ಟು ಜನರ ಮುಖ ಪರಿಚಯಕ್ಕೇ ಒಂದು ವರ್ಷ ಸಾಲದು.

ಭಾಷಣಗಳಲ್ಲಿ ಡಾ. ಎಚ್. ಸುದರ್ಶನ್ ಹೆಸರು ಬಾರದೆ ಇರುವುದಿಲ್ಲ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿ ಅಲ್ಲಿಯೇ ಬೇರುಬಿಟ್ಟವರು. ಅವರಿಗೆ ಕೈಮುಗಿಯೋಣ. ಆದರೆ ಪ್ರತಿ ಹಳ್ಳಿಗೂ ಒಬ್ಬ ಸುದರ್ಶನ್ ಹುಟ್ಟಿಬರಲಿ ಎಂದು ಕಾಯುವುದು, ಸೋರುವ ವಸತಿಗೃಹದ ಹೆಂಚು ಬದಲಿಸದವರಿಗೆ ಬಹಳ ಅನುಕೂಲದ ಮಾತು. ನೀನು ಮಳೆಗಾಲ ಪೂರ್ತಿ ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಮಲಗಿದ್ದು ನೆನಪಿದೆಯೇ? ಹೆಂಚು ಇನ್ನೂ ಅದೇ. ಹಾಳೆ ಹೊಸದು. ಈ ಡಾಕ್ಟರಿಗೂ ರಾತ್ರಿ ಬಾಗಿಲು ಬಡಿದರೆ ಏಳಲು ಇನ್ನೊಬ್ಬರಿಲ್ಲ. ಇಬ್ಬರಿದ್ದರೆ ಒಬ್ಬರಾದರೂ ನಿದ್ದೆ ಮಾಡಿ, ಎರಡನೆಯ ವರ್ಷ ಇಲ್ಲೇ ಇರಲೇ ಎಂದು ಯೋಚಿಸಿಯಾರು.

ಈಗ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ನಿನ್ನ ಬಳಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತಲ್ಲ? ಯಾರಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಯಾವ ಅಜ್ಜಿ ಮಾತ್ರೆ ಮುರಿದು ಅರ್ಧ ಉಳಿಸಿಟ್ಟುಕೊಳ್ಳುತ್ತಾಳೆ, ಯಾವ ಮನೆಯ ಬಾಣಂತಿಯನ್ನು ನೋಡಲು ಸಂಕ ದಾಟಿ ಹೋಗಬೇಕು ಎಂದೆಲ್ಲ ಬರೆದುಕೊಳ್ಳುತ್ತಿದ್ದೆ. ಹೋಗುವಾಗ ನಿನ್ನ ಪೆಟ್ಟಿಗೆಯಲ್ಲೇ ಹೋಯಿತು. ಕೊಡಬೇಕೆಂದು ನಿನಗೆ ಯಾರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ನನಗೆ ಕಳುಹಿಸಬೇಡ, ಊರವರ ಗುಟ್ಟು ನನಗೇಕೆ? ಡಾಕ್ಟರ ಹೆಸರಿಗೇ ಸ್ಪೀಡ್ ಪೋಸ್ಟ್ ಮಾಡು. ಬೇಗ ಮಾಡು, ಅವರ ವರ್ಷದಲ್ಲಿ ಆಗಲೇ ಎಂಟು ತಿಂಗಳು ಮುಗಿದಿದೆ.

ನಿನ್ನ ಗೆಳೆಯ